ವಾರಕ್ಕೊಂದೇ ಬೀಜ

"ಒಂದು ಕಾಗದಕ್ಕ ಒಂದೇ ಬೀಜ. ಕಂಪನಿ ಕಾಯ್ದಾನೇ ಹಂಗ ಅದ."

ಖಂಡೆಪ್ಪ ನಾಲ್ಕನೆಯ ಶುಕ್ರವಾರವೂ ಇದನ್ನೇ ಹೇಳಿದಾಗ ನೀಲಗಂಗಾ ಅವನ ಮುಖವನ್ನೇ ದಿಟ್ಟಿಸಿದಳು. ಅವನು ಕಣ್ಣು ತಪ್ಪಿಸಿ ಮಸಿ ದೌತಿಯಲ್ಲಿ ಟಾಕು ಅದ್ದಿದ.

ಕಮಲಾಪುರದ ಅವಳ ಮನೆಗೆ ಪುಣೆಯಿಂದ ಟಪಾಲಿನಲ್ಲಿ ಬೀಜದ ಕ್ಯಾಟಲಾಗು ಬಂದು ತಿಂಗಳಾಗಿತ್ತು. ಬಣ್ಣದ ಚಿತ್ರ ನೋಡಿ ಹನ್ನೆರಡು ತರಹದ ಬೀಜಕ್ಕೆ ಗುರುತು ಹಾಕಿದ್ದಳು. ಕಂಪನಿಗೆ ಕಾಗದ ಬರೆಯುವಷ್ಟು ಇಂಗ್ಲಿಷ್ ಬರುತ್ತಿದ್ದುದು ದೂರದ ಸಂಬಂಧಿ ಖಂಡೆಪ್ಪನಿಗೆ ಮಾತ್ರ. ಕಲಬುರಗಿಯಲ್ಲಿ ನಿಜಾಮರ ಕಚೇರಿಯ ಗುಮಾಸ್ತ. ಶುಕ್ರವಾರದ ರಜೆಗೆ ಅಷ್ಟು ದೂರದಿಂದ ಸೈಕಲ್ ತುಳಿದು ಬರುತ್ತಿದ್ದ.

ಹೀಗೆ ವಾರಕ್ಕೊಂದೇ ತರಿಸುತ್ತ ಕೂತು, ಚಳಿ ಮುಗಿದ ಮೇಲೆ ಹೂಕೋಸು, ಬಟಾಣಿ ಬಿತ್ತಿ ಏನು ಬಂತು? ಆದರೆ ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಇವನಿಗೆ ಇಂಗ್ಲಿಷ್ ನಿಜಕ್ಕೂ ಬರುತ್ತದೆಯೋ, ಬರೀ ಬಡಾಯಿಯೋ? ಈ ಸುಳ್ಳುಬುರುಕನಿಗಾಗಿಯೇ ತಾನು ಶುಕ್ರವಾರ ಇಳಕಲ್ ಸೀರೆ ಉಡುವುದು? ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ಮಂಗಳವಾರ ಅಪ್ಪ ದೌಲಪ್ಪ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಬಂಡಿ ಕಟ್ಟಿದಾಗ ಅವಳೂ ಹತ್ತಿ ಕುಳಿತಳು. ಅಲ್ಲಿ ಗೆಳತಿ ನಜ್ಮಾಳ ಮನೆಗೂ ಅದೇ ಕ್ಯಾಟಲಾಗು ಬರುತ್ತಿತ್ತು.

"ಒಂದೇ ಬೀಜ? ಯಾವ ದೀವಾನಾ ಹೇಳ್ಯಾನ?" ನಜ್ಮಾ ಬಿದ್ದು ಬಿದ್ದು ನಕ್ಕಳು. "ನಮ್ಮ ಅಬ್ಬಾ ಒಂದೇ ಕಾಗದದಾಗ ಇಪ್ಪತ್ತು ತರಹ ತರಿಸ್ಯಾರ."

ಶುಕ್ರವಾರ ಖಂಡೆಪ್ಪ ಬಂದಾಗ ಅಪ್ಪ ತೋಟದಲ್ಲಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನೀಲಗಂಗಾ ಪಡಸಾಲೆಯಲ್ಲಿ ಕ್ಯಾಟಲಾಗು ಬಿಚ್ಚಿ ಅವನ ಮುಂದಿಟ್ಟಳು.

"ಆ ಕಾಯ್ದಾ ಎಲ್ಲಿ ಬರ್ದಾರ? ಬೆರಳಿಟ್ಟು ತೋರಸ್ರಿ."

ಅವನು ಪುಟ ತಿರುವಿದ, ಮತ್ತೆ ತಿರುವಿದ. ಕಿವಿ ಕೆಂಪಾದವು.

"ಎಲ್ಲೂ ಬರ್ದಿಲ್ಲ."

"ಮತ್ತ ಯಾಕ ಸುಳ್ಳು ಹೇಳಿದ್ರಿ?"

"ಹನ್ನೆರಡೂ ಒಮ್ಮೆ ಬರ್ದು ಬಿಟ್ರ, ಮುಂದಿನ ವಾರ ಯಾವ ನೆವಾ ಹೇಳಿ ಬರ್ಲಿ? ನಿನ್ನ ನೋಡ್ಲಾರ್ದ ನನಗ ವಾರ ಹೋಗಂಗಿಲ್ಲ, ನೀಲಗಂಗಾ."

ಅವಳ ಎದೆ ಹೂವಿನಷ್ಟು ಹಗುರಾಯಿತು. ಸಂತೋಷಕ್ಕೆ ಕುಣಿಯಬೇಕೆನಿಸಿತು. ಆದರೂ ಇಷ್ಟು ದಿನ ಆಟ ಆಡಿಸಿದವನನ್ನು ಅಷ್ಟು ಸುಲಭಕ್ಕೆ ಬಿಡುವುದುಂಟೇ?

"ಉಳಿದ ಎಂಟೂ ಈಗಲೇ ಬರೀರಿ. ಒಂದೇ ಕಾಗದದಾಗ, ನನ್ನ ಮುಂದ."

ಅವನ ಮುಖ ಸಪ್ಪಗಾಯಿತು. ತಲೆ ತಗ್ಗಿಸಿ ಎಂಟೂ ಬರೆದ. ಲಕೋಟೆ ಅಂಟಿಸಿದ. ಮೇಲೆದ್ದು ಚಪ್ಪಲಿ ಮೆಟ್ಟಿದ.

"ಆತು ಬಿಡು. ಇನ್ನ ಬರಂಗಿಲ್ಲ."

"ಯಾಕ ಬರಂಗಿಲ್ಲ?" ನೀಲಗಂಗಾ ಸೆರಗಿನ ತುದಿ ಹಿಡಿದು ನೆಲ ನೋಡಿದಳು. "ಮುಂದಿನ ಶುಕ್ರವಾರ ಅಪ್ಪ ಮನ್ಯಾಗೇ ಇರ್ತಾರ. ನಿಮ್ಮವ್ವನ್ನ ಕರ್ಕೊಂಡು ಬರ್ರಿ."