ಕೊಳಗಲ್ಲಿನ ಓಮ್ನಿ ಕಾಣೆಯಾದ ಸೋಮವಾರ

ಬಾಗಿಲು ತೆಗೆದ ಭಾಗ್ಯಳಿಗೆ ಪಕ್ಕದ ಮನೆಯ ಗೋಡೆ ಕಾಣಿಸಿತು.

ಇದರಲ್ಲೇನು ವಿಶೇಷ ಎನ್ನಬೇಡಿ. ಎರಡು ವರ್ಷದಿಂದ ಆ ಗೋಡೆ ಅವಳಿಗೆ ಕಂಡಿರಲಿಲ್ಲ. ಗೋಡೆಗೂ ಬಾಗಿಲಿಗೂ ನಡುವೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಅವಳ ಬಿಳಿ ಓಮ್ನಿ. ಆ ಓಮ್ನಿಯ ಹಾರ್ನ್ ಕೊಳಗಲ್ಲಿನಲ್ಲಿ ಒತ್ತಿದರೆ ಬಳ್ಳಾರಿಯ ಎತ್ತುಗಳು ದಾರಿ ಬಿಡುತ್ತವೆ ಎಂದು ಊರವರು ಹೇಳುತ್ತಿದ್ದರು. ಬ್ರೇಕಿನ ವಿಷಯದಲ್ಲಿ ಮಾತ್ರ ಯಾರೂ ಏನೂ ಹೇಳುತ್ತಿರಲಿಲ್ಲ.

ಇವತ್ತು ಶೆಡ್ಡು ಇತ್ತು. ಗೋಡೆ ಇತ್ತು. ಗೋಡೆಯ ಬುಡದಲ್ಲಿ ಎರಡು ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿದ್ದವು, ಅಮಾವಾಸ್ಯೆ ಪೂಜೆಯ ಕುಂಕುಮ ಚೆಲ್ಲಿತ್ತು.

ಓಮ್ನಿ ಇರಲಿಲ್ಲ.

"ಅತ್ತೀ — ಗಾಡಿ!"

ಅತ್ತೆ ಮೂಕಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಹೆಸರಿಗೆ ಮಾತ್ರ ಮೂಕಮ್ಮ. "ನಸುಕಿನ್ಯಾಗ ಸದ್ದು ಕೇಳ್ತಲ್ಲವಾ! ನೀನೇ ಎಂಜಿನ್ ಬಿಸಿ ಮಾಡಾಕತ್ತಿ ಅನ್ಕೊಂಡು ಹೊಳ್ಳಿ ಮಕ್ಕೊಂಡೆ."

"ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ!"

"ಹಂಗಾರ ಯಾರು?"

ಯೂನಿಫಾರಂ ಹಾಕಿಕೊಂಡ ಮೂರು ಮಕ್ಕಳು ಖಾಲಿ ಶೆಡ್ಡಿನ ಮುಂದೆ ಸಾಲಾಗಿ ನಿಂತವು. ಮಗಳು ಮೇಘಾಳಿಗೆ ಅವತ್ತು ಗಣಿತದ ಪರೀಕ್ಷೆ. ಉಳಿದೆರಡು ಪಕ್ಕದ ಮನೆಯವು. ಅವಕ್ಕೆ ಪರೀಕ್ಷೆ ಇರಲಿಲ್ಲ, ಹಾಗಾಗಿ ಮುಖದಲ್ಲಿ ದುಃಖವೂ ಇರಲಿಲ್ಲ. ಬಳ್ಳಾರಿಯ ಶಾಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸು ಕತ್ತಲಿರುವಾಗಲೇ ಹೋಗಿಬಿಡುತ್ತದೆ. ಮಕ್ಕಳನ್ನು ಶಾಲೆಗಿಳಿಸಿ, ಅಲ್ಲಿಂದ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗಲೆಂದೇ ಭಾಗ್ಯ ಈ ಹಳೇ ಓಮ್ನಿ ಕೊಂಡಿದ್ದಳು.

"ಪೊಲೀಸ್ರಿಗೆ ಹೇಳವಾ," ಎಂದಳು ಮೂಕಮ್ಮ.

ಪೊಲೀಸರು ಕೇಳುವ ಮೊದಲ ಪ್ರಶ್ನೆ ಭಾಗ್ಯಳಿಗೆ ಗೊತ್ತಿತ್ತು. ಓಮ್ನಿಯ ಇನ್ಶೂರೆನ್ಸ್ ಶುಕ್ರವಾರಕ್ಕೆ ಮುಗಿದಿತ್ತು. ದುಡ್ಡು ಕೂಡಿಸಿಟ್ಟಿರಲಿಲ್ಲವೇ? ಇಟ್ಟಿದ್ದಳು. ಅರ್ಧ ಟೈರು ತಿಂದಿತು, ಅರ್ಧ ಶಾಲೆಯ ಫೀಸು ತಿಂದಿತು. ಬಳ್ಳಾರಿಯ ಬ್ರೂಸ್‌ಪೇಟೆಯ ಏಜೆಂಟ್ ಹೇಳಿದ ಮೊತ್ತ ಕೇಳಿ, ಅಷ್ಟಕ್ಕೆ ಇನ್ನೊಂದು ಓಮ್ನಿಯೇ ಬರುತ್ತದಲ್ಲ ಎಂದುಕೊಂಡು ಮನೆಗೆ ಬಂದಿದ್ದಳು. ಬರುವ ಶನಿವಾರ ಪಗಾರ. ಅಲ್ಲಿಯವರೆಗೆ ಮೆಲ್ಲಗೆ ಓಡಿಸಿದರಾಯಿತು. ನಿನ್ನೆ ಪೂಜೆಯಲ್ಲಿ ಕೈಮುಗಿದು, "ಈ ವಾರ ನೀನ ಇನ್ಶೂರೆನ್ಸು, ತಾಯೀ," ಎಂದು ದೇವಿಗೆ ಹೇಳಿದ್ದಳು. ದೇವಿ ಬೇಡವೆಂದಿರಲಿಲ್ಲ.

ಈಗ ಗಾಡಿ ಯಾರ ಕೈಯಲ್ಲಿದೆಯೋ. ಅವನು ಹೇಗೆ ಓಡಿಸುತ್ತಿದ್ದಾನೋ. ಯಾರಿಗಾದರೂ ಗುದ್ದಿದರೆ? ಒಂದು ಜೀವ ಹೋದರೆ? ಇರುವ ಎರಡು ಕೋಣೆ ಮನೆ ಮಾರಿದರೂ ತೀರದ ಪರಿಹಾರ!

ಅವಳು ಕುರುಗೋಡಿಗೆ ಫೋನ್ ಹಚ್ಚಿದಳು.

*

ಕುರುಗೋಡಿನ ಶಿವಬಸಮ್ಮ ಭಾಗ್ಯಳ ಸೋದರತ್ತೆ, ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಕೆಲಸದಲ್ಲಿದ್ದಾಗ ಒಬ್ಬ ಎಮ್ಮೆಗಳ್ಳನನ್ನು ಸುಮ್ಮನೆ ಕುಳಿತು ನೋಡಿದಳಂತೆ. ಅವನು ಕದ್ದ ಎಮ್ಮೆಯ ಜೊತೆಗೆ, ಕದಿಯಬೇಕೆಂದಿದ್ದ ಎಮ್ಮೆಗಳ ಹೆಸರನ್ನೂ ಹೇಳಿಬಿಟ್ಟನಂತೆ. ಬಸ್ಸಿಳಿದು ಬಂದವಳೇ ನೀರು ಕೂಡ ಕುಡಿಯದೆ ಶೆಡ್ಡಿಗೆ ಹೋದಳು. ನೆಲ ನೋಡಿದಳು. ಗೋಡೆ ನೋಡಿದಳು. ಕುಕ್ಕರುಗಾಲಲ್ಲಿ ಕುಳಿತು ಗೋಡೆಯ ಬುಡ ನೋಡಿದಳು.

"ಮಕ್ಕಳು?"

"ನಮ್ಮತ್ತಿ ಎಂಟರ ಬಸ್ಸಿಗೆ ಕರ್ಕೊಂಡು ಹೋಗ್ಯಾರ. ಪರೀಕ್ಷೆ ಅರ್ಧ ಮುಗಿದಿರ್ತೈತಿ."

"ಗಾಡಿ ಹೆಂಗ ನಿಂತಿತ್ತು?"

"ಮೂತಿ ಗೋಡಿ ಕಡಿಗೆ, ಬೆನ್ನು ರಸ್ತಿ ಕಡಿಗೆ. ಯಾವಾಗ್ಲೂ ಹಂಗ."

"ನಿಂಬಿಹಣ್ಣು ನಿನ್ನೇನ ತುಳಿಸಿದ್ಯಾ?"

"ಇಲ್ಲ. ಮುಂದಿನ ಗಾಲಿ ಮುಂದ ಇಟ್ಟಿದ್ದೆ. ಅಮಾಸಿ ದಿನ ಹೊತ್ತು ಮುಳುಗಿದ ಮ್ಯಾಲ ಗಾಡಿ ಕದಲಿಸಬಾರ್ದು, ಮುಂಜಾನಿ ತುಳಿಸು ಅಂದ್ರು ನಮ್ಮತ್ತಿ."

"ಹ್ಞೂಂ. ಗ್ಲಾಸ್ ಒಡೆದಿದ್ದು ಒಂದು ಚೂರೂ ಇಲ್ಲ. ಕೀ ಎಲ್ಲೈತಿ?"

"ನನ್ನ ತಲಿದಿಂಬಿನ ಕೆಳಗ ಇತ್ತು. ಈಗ ಸೊಂಟದಾಗೈತಿ."

"ಇನ್ನೊಂದು?"

"ಇನ್ನೊಂದಿಲ್ಲ. ಮಾರಿದವ್ರು ಕಳದೈತಿ ಅಂದಿದ್ರು. ಎರ್ರೆಪ್ಪ ಮಾವಾರು — ನಮ್ಮನಿಯವ್ರು ದುಡಿಯೋ ರೈಸ್ ಮಿಲ್ಲಿನ ಫಿಟ್ಟರು."

"ಪರಶು ಎಲ್ಲದಾನ?"

ಭಾಗ್ಯ ತಡವರಿಸಿದಳು. ಗಂಡ ಪರಶುವಿಗೆ ಸಿರುಗುಪ್ಪದ ಅದೇ ಮಿಲ್ಲಿನಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. "ನಿನ್ನಿ ಸಂಜಿಕ ಹೋದ್ರು. ಹೋಗುವಾಗ..."

"ಜಗಳ?"

"ಇನ್ಶೂರೆನ್ಸ್ ಇಲ್ದ ಗಾಡಿ ಹೊರಗ ತಗದ್ರ ಮಾರಿಬಿಡ್ತೀನಿ ಅಂದ್ರು."

"ಅವಂಗ ಗಾಡಿ ಓಡ್ಸಾಕ ಬರ್ತೈತೇನು?"

"ಸೈಕಲ್ಲೂ ಬರಂಗಿಲ್ಲ. ಆದ್ರ ಮಿಲ್ಲಿನ್ಯಾಗ ಡ್ರೈವರ್‌ಗಳು ಭಾಳ ಮಂದಿ ಅದಾರ." ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿದವು. ಕಳ್ಳ ಗಂಡನೇ ಆಗಲಿ ಎಂದು ಬೇಡಿಕೊಳ್ಳುವ ಹೆಂಗಸು ಕೊಳಗಲ್ಲಿನಲ್ಲಿ ಅದೇ ಮೊದಲಿರಬೇಕು.

ಆಗಲೇ ಬೇಲಿಯಾಚೆ ಆಟೋ ಬಂದು ನಿಂತಿತು. ತಿಪ್ಪೇಶ. ಓಮ್ನಿ ಬರುವ ಮುಂಚೆ ಈ ಮಕ್ಕಳನ್ನೆಲ್ಲ ಶಾಲೆಗೆ ಒಯ್ಯುತ್ತಿದ್ದವನು.

"ಗಾಡಿ ಹೋತಂತಲ್ಲ ಅಕ್ಕಾ?" ಎಂದ. ದನಿಯಲ್ಲಿ ಕನಿಕರವಿತ್ತು. ಮುಖದಲ್ಲಿ ಹಬ್ಬವಿತ್ತು.

"ನೀನ ಒಯ್ದಿಯೇನಲೇ?" ಭಾಗ್ಯ ನೇರವಾಗಿ ಕೇಳಿಬಿಟ್ಟಳು.

"ನಾನಾ? ಆ ಗುಜರಿನಾ? ದುಡ್ಡು ಕೊಟ್ಟು ಬೇಡಿಕೊಂಡ್ರೂ ಒಯ್ಯಂಗಿಲ್ಲ!"

"ತಡಿ," ಎಂದಳು ಶಿವಬಸಮ್ಮ. "ನಸುಕಿನ್ಯಾಗ ಎಲ್ಲಿದ್ದಿ?"

"ಮನ್ಯಾಗ. ಹಾಸಿಗ್ಯಾಗ. ಅದೂ ಗುನ್ನೆ ಏನ್ರಿ?"

"ಈ ಓಮ್ನಿ ಎಂದಾದ್ರೂ ಚಾಲೂ ಮಾಡೀಯೇನು?"

"ಒಮ್ಮಿ ಮಾಡಿದ್ದೆ. ಬ್ಯಾಟ್ರಿ ಸತ್ತು, ನಾ ಅರ್ಧ ಸತ್ತು, ಕೊನಿಗೆ ನೂಕಿದ್ವಿ. ಅದು ಅಕ್ಕಗ ಬಿಟ್ಟು ಯಾರಿಗೂ ಒಲಿಯಂಗಿಲ್ಲ. ಅಕ್ಕಗೂ ನಾಕು ಸಲ ಕೊಸರಾಡ್ತೈತಿ."

ಶಿವಬಸಮ್ಮ ಮೂಕಮ್ಮನಿಗೆ ಫೋನ್ ಮಾಡಿದಳು. "ಅಕ್ಕಾ, ನಸುಕಿನ್ಯಾಗ ಕೇಳಿದ ಸದ್ದು, ಎಷ್ಟು ಸಲ ಕೊಸರಾಡ್ತು?... ಒಂದ ಸಲಕ್ಕ? ಖರೆ ಹೇಳ್ತೀಯಾ?... ಆತು."

ಫೋನ್ ಸೆರಗಿಗೆ ಸಿಕ್ಕಿಸಿ ಆಟೋ ಹತ್ತಿ ಕುಳಿತಳು.

"ಎಲ್ಲಿಗ್ರಿ?"

"ಸಿರುಗುಪ್ಪ."

ತಿಪ್ಪೇಶನ ಹಬ್ಬ ಮುಗಿಯಿತು. "ಸಿರುಗುಪ್ಪಕ? ಆಟೋದಾಗ? ನೀವು ಮುಟ್ಟೂದ್ರಾಗ ಆ ಕಳ್ಳ ಮುದುಕ ಆಗಿರ್ತಾನ್ರಿ!"

"ಹಂಗಾರ ಓಡಲಾರ. ನಡಿ."

*

ಭಾಗ್ಯ ದಾರಿಯುದ್ದಕ್ಕೂ ರಸ್ತೆಯ ಎರಡೂ ಬದಿ ನೋಡುತ್ತಿದ್ದಳು. ಬಿಳಿ ಕಂಡರೆ ಸಾಕು, ಎದೆ ಹಾರುತ್ತಿತ್ತು.

ಕುರುಗೋಡು ಹತ್ತಿರವಾಗುತ್ತಿದ್ದಾಗ ತಿಪ್ಪೇಶನ ಫೋನ್ ಬಡಿದುಕೊಂಡಿತು. ಯಾರೋ ಆಟೋ ಗೆಳೆಯ. ತಿಪ್ಪೇಶ ಕೇಳಿದ, ವೇಗ ಇಳಿಸಿದ, ಹಿಂದಕ್ಕೆ ತಿರುಗದೆಯೇ ಹೇಳಿದ:

"ಅಕ್ಕಾ... ಕ್ರಾಸಿನ್ಯಾಗ ಒಂದು ಬಿಳಿ ಓಮ್ನಿ ಸೈಕಲ್ಲಿಗೆ ಗುದ್ದೈತಂತ. ಸಾಲಿ ಹುಡುಗಿ."

ಭಾಗ್ಯಳ ಕೈ ಆಟೋದ ಕಂಬಿಯನ್ನು ಹಿಡಿದುಕೊಂಡಿತು. ಶಿವಬಸಮ್ಮ ಮೊದಲ ಸಲ ಅವಳ ಕಡೆ ತಿರುಗಿದಳು.

ಕ್ರಾಸಿನಲ್ಲಿ ಜನ ಗುಂಪುಗೂಡಿದ್ದರು. ನಡುವೆ ಬಿಳಿ ಓಮ್ನಿ. ಆಟೋ ನಿಲ್ಲುವ ಮೊದಲೇ ಭಾಗ್ಯ ಇಳಿದು ಓಡಿದಳು. ತಳ್ಳಿಕೊಂಡು ಒಳಗೆ ನುಗ್ಗಿದಳು.

ಅವಳ ಗಾಡಿಯಲ್ಲ. ಹಾಲಿನ ಕ್ಯಾನು ತುಂಬಿದ್ದ ಬೇರೆ ಯಾರದೋ ಗಾಡಿ. ಮೇಘಾಳಷ್ಟೇ ವಯಸ್ಸಿನ ಹುಡುಗಿ ರಸ್ತೆ ಬದಿ ಕುಳಿತು ಮೊಣಕೈ ಹಿಡಿದುಕೊಂಡು ಅಳುತ್ತಿದ್ದಳು. ಮೊಣಕೈ ಸೊಟ್ಟಗಿತ್ತು. ಗಾಡಿಯವನು ಬೆವರು ಒರೆಸಿಕೊಳ್ಳುತ್ತ ಹುಡುಗಿಯ ಅಪ್ಪನ ಕೈ ಹಿಡಿದಿದ್ದ: "ತಪ್ಪು ನಂದ ಐತ್ರಿ. ಇನ್ಶೂರೆನ್ಸ್ ಐತಿ, ಖರ್ಚಿಂದು ಚಿಂತಿ ಬ್ಯಾಡ. ಮೊದಲು ದವಾಖಾನಿಗೆ ನಡೀರಿ."

ಅವರು ಹೋದರು. ಜನ ಚದುರಿದರು. ಭಾಗ್ಯ ಅಲ್ಲೇ ನಿಂತಿದ್ದಳು. ಇನ್ಶೂರೆನ್ಸ್ ಐತಿ ಎನ್ನುವ ಆ ಮಾತು ಹೇಳಲಿಕ್ಕೆ ತನ್ನಿಂದ ಆಗುತ್ತಿರಲಿಲ್ಲ.

"ಹತ್ತವಾ," ಎಂದಳು ಶಿವಬಸಮ್ಮ, ಮೆಲ್ಲಗೆ.

*

ಸಿರುಗುಪ್ಪದಲ್ಲಿ ರೈಸ್ ಮಿಲ್ಲಿನ ಗೇಟು ಬಂತು. ತೌಡಿನ ಧೂಳು ಮುಗಿಲಿಗೇರಿತ್ತು.

"ಇಲ್ಲೇ ಅತ್ತಿ. ನಮ್ಮನಿಯವ್ರು ಇಲ್ಲೇ," ಎಂದಳು ಭಾಗ್ಯ. ಬೈಗುಳ ಸಿದ್ಧವಾಗಿತ್ತು, ಅಳುವೂ ಸಿದ್ಧವಾಗಿತ್ತು.

"ಮುಂದಕ್ಕ ನಡಿ," ಎಂದಳು ಶಿವಬಸಮ್ಮ ತಿಪ್ಪೇಶನಿಗೆ.

"ಹಂಗಾರ ನಮ್ಮನಿಯವ್ರು ಅಲ್ಲ?" ಎಂದಳು ಭಾಗ್ಯ.

"ಅಲ್ಲ. ಎರ್ರೆಪ್ಪನ ಮನಿ ತೋರ್ಸು."

ಓಣಿಯ ಕೊನೆಯ ಮನೆ. ಮುಂದೆ ಬೇವಿನ ಮರ. ಮರದ ಕೆಳಗೆ, ತೊಳೆದು, ಒರೆಸಿ, ಗ್ಲಾಸಿಗೆ ವಿಭೂತಿ ಹಚ್ಚಿಸಿಕೊಂಡು, ಹೊಸ ಮದುಮಗನ ಹಾಗೆ ನಿಂತಿತ್ತು — ಭಾಗ್ಯಳ ಓಮ್ನಿ!

ಪಕ್ಕದ ಸ್ಟೂಲಿನ ಮೇಲೆ ಎರ್ರೆಪ್ಪ ಕುಳಿತಿದ್ದ. ಇವರನ್ನು ಕಂಡು ಎದ್ದ. ಓಡಲಿಲ್ಲ.

"ಮಾವಾ... ನೀವಾ?" ಎಂದಳು ಭಾಗ್ಯ.

"ಅಮ್ಮಾ ತಲ್ಲೀ," ಎಂದು ಎರ್ರೆಪ್ಪ ತೆಲುಗಿನಲ್ಲಿ ಶುರುಮಾಡಿದ. "ಮಧ್ಯಾಹ್ನ ಊಟ ಆದ ಮ್ಯಾಲ ಫೋನ್ ಮಾಡ್ಬೇಕಂತಿದ್ದೆ."

"ಕಳ್ಳತನ ಮಾಡಿ ಊಟಾನೂ ಮಾಡ್ಬೇಕಂತಿದ್ರಾ?" ತಿಪ್ಪೇಶ ಹಲ್ಲು ಕಡಿದ. "ನನ್ನ ಮ್ಯಾಲ ಬಂದಿತ್ತಲ್ರೀ ಇದು!"

"ಅತ್ತಿ, ನಿಮಗ ಹೆಂಗ ಗೊತ್ತಾತು?"

ಶಿವಬಸಮ್ಮ ಎರ್ರೆಪ್ಪನ ಸ್ಟೂಲನ್ನೇ ಎಳೆದುಕೊಂಡು ಕುಳಿತಳು.

"ಗಾಡಿ ಮೂತಿ ಗೋಡಿ ಕಡಿಗೆ ಇತ್ತು. ಕಳ್ಳ ಬಂದ್ರ ಏನ್ ಮಾಡ್ತಾನ? ಸೀದಾ ರಿವರ್ಸ್ ತಗೋಂತಾನ. ನಿಂಬಿಹಣ್ಣು ಇದ್ದದ್ದು ಗಾಲಿ ಮುಂದ. ರಿವರ್ಸ್ ಹೋದ್ರ ಅವು ಇಡಿಯಾಗಿ ಉಳೀಬೇಕು. ಆದ್ರ ಅಪ್ಪಚ್ಚಿ ಆಗಿದ್ವು. ಅಂದ್ರ ಇವ ಮೊದಲು ಗಾಡಿ ಒಂದು ಗೇಣು ಮುಂದಕ್ಕ ಬಿಟ್ಟು, ಗೋಡಿಗೆ ತಾಗದಂಗ, ನಿಂಬಿಹಣ್ಣು ತುಳಿಸಿ, ಆಮ್ಯಾಲ ಹಿಂದಕ್ಕ ತಗೊಂಡಾನ. ಗಾಡಿಗೆ ಒಳ್ಳೇದಾಗ್ಲಿ ಅಂತ ನಿಂಬಿಹಣ್ಣು ತುಳಿಸೋ ಕಳ್ಳನ್ನ ನನ್ನ ನೌಕರಿ ಪೂರ್ತಿ ನಾ ಕಂಡಿಲ್ಲ. ಅದು ಕಳ್ಳನ ಬುದ್ಧಿ ಅಲ್ಲ, ಮಾಲಕನ ಬುದ್ಧಿ."

ಎರ್ರೆಪ್ಪ ತಲೆ ತಗ್ಗಿಸಿದ. "ತುಳಿಸ್ದ ತಗದ್ರ ಕೈ ನಡುಗ್ತಾವ್ರಿ."

"ಮ್ಯಾಲ, ಒಂದ ಸಲಕ್ಕ ಚಾಲೂ ಆಗೈತಿ. ಭಾಗ್ಯಗೂ ಸಲೀಸಾಗಿ ಒಲೀದ ಗಾಡಿ ಯಾರಿಗೆ ಒಲೀತೈತಿ? ಹತ್ತು ವರ್ಷ ಸಾಕಿದವಗ. ಕಳದುಹೋದ ಕೀನೂ ಯಾವ್ದರ ಹಳೇ ಕೋಟಿನ್ಯಾಗ ಸಿಕ್ಕಿರ್ಬೇಕು."

"ಅಕ್ಕಿ ಡಬ್ಬ್ಯಾಗ," ಎಂದು ತಿದ್ದಿದ ಎರ್ರೆಪ್ಪ.

"ಆದ್ರ ಯಾಕ?" ಭಾಗ್ಯ ಕೂಗಿದಳು. "ಮಾರಿದ್ದು ನೀವು. ರೊಕ್ಕ ಪೂರ್ತಿ ಕೊಟ್ಟೀನಿ. ನನ್ನ ಮಗಳ ಪರೀಕ್ಷೆ ಹಾಳಾತು!"

"ಗಾಡಿ ಯಾರ ಹೆಸರಿಲೆ ಐತಿ?" ಶಿವಬಸಮ್ಮ ಕೇಳಿದಳು.

"ಇನ್ನೂ ಮಾವಾರ ಹೆಸರಿಲೆ," ಎಂದಳು ಭಾಗ್ಯ. ಓಮ್ನಿ ಕೊಂಡದ್ದು ಆಷಾಢದಲ್ಲಿ. ಆಷಾಢದಲ್ಲಿ ಹೆಸರು ಬದಲಾಯಿಸುವುದು ಬೇಡ, ಶ್ರಾವಣ ಬರಲಿ ಎಂದು ಎರಡೂ ಮನೆಯವರು ಕೂಡಿಯೇ ತೀರ್ಮಾನಿಸಿದ್ದರು. ಶ್ರಾವಣ ಬಂತು, ಹೋಯಿತು. ಇನ್ನೊಂದೂ ಹೋಯಿತು. ನಮ್ಮವರೇ ಅಲ್ಲವೇ, ಅವಸರವೇನು?

"ಇನ್ಶೂರೆನ್ಸ್ ಮುಗೀತು ಅಂತ ಮೆಸೇಜು ನನಗ ಬರ್ತೈತಮ್ಮಾ, ನಿನಗಲ್ಲ," ಎಂದ ಎರ್ರೆಪ್ಪ. "ಶುಕ್ರವಾರ ಬಂತು. ನಿನಗ ಫೋನ್ ಮಾಡಿದೆ. ಕಟ್ ಮಾಡಿದಿ. ಶನಿವಾರ ಮಾಡಿದೆ. ಕಟ್ ಮಾಡಿದಿ."

ಮಾಡಿದ್ದಳು. ಹೆಸರು ಬದಲಾವಣೆಯ ಖರ್ಚು ಕೇಳುತ್ತಾನೆಂದು ಹೆದರಿ ಮಾಡಿದ್ದಳು.

"ನಿನ್ನ ಕೈಯಾಗ ಯಾರಿಗಾರ ಗುದ್ದಿದ್ರ ಕೋರ್ಟಿಗೆ ನನ್ನ ಕರೀತಾರ. ನನ್ನ ಮನಿ ಹೋಗ್ತೈತಿ. ಅದೂ ಹೋಗ್ಲಿ." ಅವನು ಗಾಡಿಯ ಬಾಗಿಲ ಮೇಲೆ ಕೈಯಿಟ್ಟ. "ಹಿಂದಿನ ಸೀಟಿನ್ಯಾಗ ಮೂರು ಮಕ್ಕಳು ಕುಂದರ್ತಾವ. ಅದರ ಬ್ರೇಕು ನನಗ ಗೊತ್ತಿಲ್ಲೇನು? ನೆನಸ್ಕೊಂಡು ನಿದ್ದಿ ಬರ್ಲಿಲ್ಲ. ನಸುಕಿನ ಅಕ್ಕಿ ಲಾರ್ಯಾಗ ಬಂದು ಇಳ್ಕೊಂಡೆ."

"ಇನ್ಶೂರೆನ್ಸ್ ಇಲ್ಲದ ಗಾಡೀನ ನೀವೂ ಇಷ್ಟು ದೂರ ಓಡಿಸ್ಕೊಂಡು ಬಂದ್ರೆಲ್ಲ?" ಎಂದಳು ಶಿವಬಸಮ್ಮ.

"ಎತ್ತಿನ ಬಂಡಿ ಹಿಂದಕ್ಕ ಹಾಕಿ ಹೋದ್ವು ನನ್ನ. ಅಷ್ಟು ಮೆಲ್ಲಕ ಬಂದೀನಿ."

ಯಾರೂ ನಗಲಿಲ್ಲ. ಶಿವಬಸಮ್ಮ ಭಾಗ್ಯಳ ಮುಖವನ್ನೇ ನೋಡಿದಳು, ಆ ಎಮ್ಮೆಗಳ್ಳನನ್ನು ನೋಡಿದ ಹಾಗೆ. "ಕದ್ದವ ಎರ್ರೆಪ್ಪ. ಅದು ಖರೆ. ಕಂಪ್ಲೇಂಟ್ ಕೊಡ್ತೀಯೇನು ಹೇಳು, ಈಗ ಸ್ಟೇಷನ್ನಿಗೆ ಹೋಗೂಣು."

ಭಾಗ್ಯಳ ಕಣ್ಣಿಗೆ ಕಂಡದ್ದು ಕ್ರಾಸಿನ ಹುಡುಗಿಯ ಸೊಟ್ಟ ಮೊಣಕೈ. ಸೊಂಟದಿಂದ ಕೀ ತೆಗೆದು ಎರ್ರೆಪ್ಪನ ಕೈಗಿಟ್ಟಳು.

"ಶನಿವಾರ ಪಗಾರ ಆಗ್ತೈತಿ ಮಾವಾ. ಇನ್ಶೂರೆನ್ಸ್ ಕಟ್ಟಿ, ಬ್ರೇಕ್ ಮಾಡಿಸಿ, ಹೆಸರು ಬದ್ಲಿ ಮಾಡಿಸ್ಕೊಂಡು ಒಯ್ತೀನಿ. ಅಲ್ಲೀತನ ಕತ್ತಲ ಬಸ್ಸಿಗೆ ಮಕ್ಕಳನ್ನ ಎಬ್ಬಿಸ್ತೀನಿ."

"ಬಸ್ಸು ಯಾಕಕ್ಕಾ?" ತಿಪ್ಪೇಶ ಮುಂದೆ ಬಂದ. "ನಾ ಇಲ್ಲೇನು? ನಾಳೆಯಿಂದ ಮಕ್ಕಳನ್ನ ನಾ ಒಯ್ತೀನಿ. ಈಗ ಹತ್ರಿ, ಊರಿಗೆ ಬಿಡ್ತೀನಿ."

ಭಾಗ್ಯ ಆಟೋದ ಮೆಟ್ಟಿಲಿಗೆ ಕಾಲಿಟ್ಟವಳು ಹಾಗೇ ನಿಂತಳು.

"ತಿಪ್ಪೇಶ, ಇದರ ಇನ್ಶೂರೆನ್ಸ್ ಯಾವಾಗಿನತನ ಐತಿ?"

ತಿಪ್ಪೇಶ ಬೇವಿನ ಮರ ನೋಡಿದ. ಬಹಳ ಹೊತ್ತು ನೋಡಿದ. ಎಲೆ ಎಣಿಸುತ್ತಿದ್ದಾನೇನೋ ಎನ್ನುವಷ್ಟು ಹೊತ್ತು.

ಭಾಗ್ಯ ಕಾಲು ಕೆಳಗಿಳಿಸಿದಳು.

ಬಳ್ಳಾರಿ ಬಸ್ಸು ತುಂಬಿತ್ತು. ಶಿವಬಸಮ್ಮ, ಭಾಗ್ಯ ಇಬ್ಬರೂ ನಿಂತುಕೊಂಡೇ ಬಂದರು. ಊರೂರಿಗೂ ನಿಲ್ಲುವ ಆ ಬಸ್ಸಿನ ಹಿಂದಿನ ಗಾಜಿನಾಚೆ, ಸಿರುಗುಪ್ಪದಿಂದ ಕೊಳಗಲ್ಲಿನವರೆಗೂ ಒಂದು ಖಾಲಿ ಆಟೋ, ನಾಯಿ ಅಡ್ಡ ಬಂದರೂ ನಿಂತು ದಾರಿ ಬಿಡುತ್ತ, ಬಹಳ ಮೆಲ್ಲಗೆ, ಬಹಳ ಹುಷಾರಾಗಿ ಬರುತ್ತಿತ್ತು.