ಬೆಳಕಿದೆ, ಅವಳಿಲ್ಲ

"ನಾನೆಲ್ಲಿದೀನಿ ಇದ್ರಲ್ಲಿ? ಹೇಳಿ ಪ್ರಭು... ನಾನೆಲ್ಲಿ?!"

ಸಂಧ್ಯಾಳ ಕೂಗಿಗೆ ತುಮಕೂರಿನ ಆ ಫೋಟೋ ಪ್ರದರ್ಶನದ ಹಾಲ್‌ನಲ್ಲಿ ಎಲ್ಲರ ತಲೆಯೂ ಥಟ್ಟನೆ ತಿರುಗಿತು.

ಗೋಡೆಯ ಮೇಲಿನ ಫೋಟೋದಲ್ಲಿ, ಕತ್ತಲ ನಡುವೆ ಎರಡು ನೀಲಿ ರೆಕ್ಕೆಗಳು. ಆ ರೆಕ್ಕೆ ಬಿಡಿಸಿದ್ದು ಸಂಧ್ಯಾಳ ಕೈಗಳೇ! ಗುಬ್ಬಿಯಲ್ಲಿ ಟೈಲರಿಂಗ್ ಮಾಡುವ ಸಂಧ್ಯಾ, ಅಂಗಿ, ಕೈಗವಸುಗಳಿಗೆ ಪುಟ್ಟ ಎಲ್‌ಇಡಿ ದೀಪ ಹೊಲಿದು ಫೋಟೋಗ್ರಾಫರ್ ಬಸವಪ್ರಭುವಿಗೆ ಕೊಡುತ್ತಿದ್ದಳು. ಅವನ ಮಾತಿಗೆ ಒಪ್ಪಿ, ಮುಸ್ಸಂಜೆ ಕಳೆದು ಕತ್ತಲಾದ ಮೇಲೆ ಕುಣಿಗಲ್ ಕೆರೆ ಏರಿಯ ಮೇಲೆ ತಾನೇ ದೀಪ ಹೊಲಿದ ಕರಿ ಅಂಗಿ ತೊಟ್ಟು ಕ್ಯಾಮೆರಾ ಮುಂದೆ ಕೈ ಬೀಸಿದ್ದಳು. ಅವನು ನೋಡಿದ ನೋಟಕ್ಕೆ ಮನಸ್ಸೂ ಸೋತಿತ್ತು ಅನ್ನಿ.

ಈಗ ನೋಡಿದರೆ ಬೆಳಕಿದೆ, ಅವಳಿಲ್ಲ!

"ಬಟ್ಟೆ ಹೊಲಿಯೋಳ ಮುಖ ಇದ್ರೆ ನಿಮ್ ಮರ್ಯಾದೆ ಹೋಗುತ್ತಾ? ಅದಕ್ಕೇ ಅಳಿಸಿಬಿಟ್ರಾ?"

"ಸಂಧ್ಯಾ, ಒಂದ್ ನಿಮಿಷ ಕೇಳಿ..."

"ಏನೂ ಬೇಡ!"

ದಡದಡ ಹೊರಟೇಬಿಟ್ಟಳು. ಬಸ್ಸಿನಲ್ಲಿ ಕೂತವಳೇ ಅವನ ನಂಬರ್ ಬ್ಲಾಕ್ ಮಾಡಿದಳು. ಮೂಗಿನ ತುದಿಯಲ್ಲೇ ಕೋಪ ಈ ಹುಡುಗಿಗೆ, ಏನು ಮಾಡೋದು!

ಆ ವಾರವೇ ಡ್ಯಾನ್ಸ್ ತಂಡವೊಂದು ಅಂಥದ್ದೇ ದೀಪದ ಅಂಗಿ ಕೇಳಿತು. ಮಟಮಟ ಮಧ್ಯಾಹ್ನ, ಕೊಬ್ಬರಿ ಅಟ್ಟದ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿ, ತಂಗಿ ಪಲ್ಲವಿಗೆ ಅಂಗಿ ತೊಡಿಸಿದಳು. ತಂಡಕ್ಕೆ ಫೋಟೋ ಕಳಿಸಲು, ಪ್ರಭು ಮಾಡುತ್ತಿದ್ದುದನ್ನು ನೋಡಿದ್ದ ನೆನಪಿನಲ್ಲಿ, ಕ್ಯಾಮೆರಾದ ಕಣ್ಣು ತುಂಬಾ ಹೊತ್ತು ತೆರೆದಿರುವ ಹಾಗೆ ಫೋನನ್ನೂ ಹೊಂದಿಸಿದಳು. ಪಲ್ಲವಿ ಕುಣಿದಿದ್ದೇ ಕುಣಿದಿದ್ದು.

ಫೋಟೋ ನೋಡಿ ಅವಳ ಮುಖ ಊದಿತು. "ಅಕ್ಕಾ... ನಾನೆಲ್ಲೇ ಇದ್ರಲ್ಲಿ? ಬರೀ ಲೈಟೇ ಐತಲ್ಲ!"

ಸಂಧ್ಯಾ ಫೋನ್ ಕಿತ್ತುಕೊಂಡು ನೋಡಿದಳು. ಕತ್ತಲಲ್ಲಿ ಅಲ್ಲಾಡುವ ಮೈ ಈ ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ, ಸಿಗುವುದು ಬೆಳಕು ಮಾತ್ರ. ದೀಪ ಹೊಲಿಯುವವಳಿಗೆ ಅಷ್ಟೂ ಗೊತ್ತಿರಲಿಲ್ಲ. ಅವನು ಅಳಿಸಿರಲಿಲ್ಲ...

'ಅಯ್ಯೋ ಶಿವನೇ! ಅಷ್ಟು ಜನರ ಮುಂದೆ ಅವರ ಮಾನ ಕಳೆದುಬಿಟ್ನಲ್ಲ! ಇನ್ನು ಯಾವ ಮುಖ ಇಟ್ಕೊಂಡು ಮಾತಾಡ್ಸಲಿ?'

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಊಟ ಸೇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ! ಬ್ಲಾಕ್ ತೆಗೆದು 'ಸಾರಿ' ಎಂದು ಟೈಪ್ ಮಾಡಿದಳು... ಅಳಿಸಿದಳು. ಬೈದದ್ದು ಹಾಲ್ ತುಂಬ ಕೇಳುವಂತೆ, ಕ್ಷಮೆ ಮಾತ್ರ ಗುಟ್ಟಾಗಿಯೇ? ತನ್ನ ಮೇಲೇ ಅಸಹ್ಯವಾಯಿತು.

ಪ್ರದರ್ಶನದ ಕೊನೆಯ ದಿನ ಹೋದಳು. ಅವಳನ್ನು ಗುರುತಿಸಿದ ಕೆಲವರು ಪಿಸುಗುಟ್ಟಿ ನಕ್ಕರು. ಕಾಲು ಹಿಂದಕ್ಕೆ ಎಳೆಯುತ್ತಿತ್ತು. ಆದರೂ, ಪ್ರಭು ನೋಡುತ್ತಿದ್ದಂತೆಯೇ, ಆ ಫೋಟೋ ಪಕ್ಕ ಹೋಗಿ ನಿಂತಳು.

"ಎಲ್ರೂ ಕೇಳಿ! ಅವತ್ತು ಇಲ್ಲಿ ನಾನು ಇವ್ರನ್ನ ಬೈದಿದ್ದು ತಪ್ಪು. ಇವ್ರು ನನ್ನ ಅಳಿಸಿಲ್ಲ. ಏನೂ ತಿಳೀದೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ... ಕ್ಷಮಿಸಿ ಪ್ರಭು."

ತಲೆ ಎತ್ತಲಾಗಲಿಲ್ಲ. ಪ್ರಭು ಹತ್ತಿರ ಬಂದ.

"ಒಂದ್ ಫೋನ್ ಮಾಡಿದ್ರೆ ಸಾಕಿತ್ತಲ್ರೀ."

"ಬೈದಿದ್ದು ಎಲ್ರ ಮುಂದೆ ಅಲ್ವಾ..."

"ಬೈದಿದ್ದಕ್ಕಲ್ಲ ನಂಗೆ ಬೇಜಾರು. ನಿಮ್ಮನ್ನ ಕಂಡು ನಾಚ್ಕೋತೀನಿ ಅಂದ್ಕೊಂಡ್ರಲ್ಲ, ಅದಕ್ಕೆ."

ಅವಳ ಕಣ್ಣು ತುಂಬಿ ಬಂತು.

"ಇನ್ನೊಂದ್ ಮಾತಿದೆ... ಅದನ್ನ ಮಾತ್ರ ಹಿಂಗೆ ಕೂಗಕ್ಕಾಗಲ್ಲ."

ಅವನು ಬಗ್ಗಿ ಕಿವಿ ಕೊಟ್ಟ.

"ನೀವಂದ್ರೆ ನಂಗೆ ಪ್ರಾಣ."

ಪ್ರಭು ನೆಟ್ಟಗೆ ನಿಂತ. "ಎಲ್ರೂ ಕೇಳಿ! ನಂಗೂ ಇವ್ರಂದ್ರೆ ಪ್ರಾಣ!"

"ಶ್! ಮೆತ್ತಗೆ ಕಣ್ರೀ!"

"ಬೈಸ್ಕೊಂಡಿದ್ದು ಎಲ್ರ ಮುಂದೆ ತಾನೇ? ಒಪ್ಕೊಳ್ಳೋದೂ ಎಲ್ರ ಮುಂದೇನೇ."