ಎರಡು ಹನಿ ಗಂಧಕ

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಕೆಸರು ರಸಾಯನಜ್ಞನ ಕೈಗೆ ಮೆತ್ತಿತು, ಮೊಸರು ಫೋಟೋ ಸಾಹೇಬರ ಬಾಯಿಗೆ ಬಿತ್ತು. ಸಾಹೇಬರೆಂದರೆ ಕಾರ್ಖಾನೆಯ ಸಂಶೋಧನಾ ಮುಖ್ಯಸ್ಥರು. ಕೆಲಸ ಯಾರದೇ ಆಗಲಿ, ಫೋಟೋದಲ್ಲಿ ನಡುವೆ ನಿಲ್ಲುವವರು ಅವರೇ. ಕಾದ ಪ್ರೊಪೇನ್ ಅನಿಲವನ್ನು ಪ್ಲಾಟಿನಂ ಲೇಪಿಸಿದ ಮಣಿಗಳ ಮೇಲೆ ಹಾಯಿಸಿ ಪ್ಲಾಸ್ಟಿಕ್ಕಿನ ಕಚ್ಚಾವಸ್ತು ತೆಗೆಯುವ ಹೊಸ ವಿಧಾನವನ್ನು ಒಂಬತ್ತು ವರ್ಷ ಒದ್ದಾಡಿ ಕಂಡುಹಿಡಿದವನು ಈ ರಸಾಯನಜ್ಞ. ಪೇಟೆಂಟಿನಲ್ಲಿ ಹೆಸರು ಮಾತ್ರ ಸಾಹೇಬರದೊಂದೇ.

“ನೀವು ಬೇಯಿಸಿದ್ದನ್ನ ಅವರು ಉಂಡ್ರು. ತಟ್ಟೆ ತೊಳೆಯೋಕೆ ನಿಮ್ಮನ್ನೇ ಕರೀತಾರೆ, ನೋಡ್ತಿರಿ,” ಎಂದಳು ಹೆಂಡತಿ. ಅವನು ಅಂದೇ ಸೇಡಿನ ಲೆಕ್ಕ ಹಾಕಲು ಕೂತ.

ಗುರುವಾರ ಬಂಡವಾಳದಾರರ ಎದುರು ಹೊಸ ಘಟಕದ ಪ್ರದರ್ಶನ. ಸಾಹೇಬರ ಮಾನ ಹರಾಜಾಗಬೇಕಾದ್ದು ಅಲ್ಲೇ. ಗಂಧಕವೆಂದರೆ ಪ್ಲಾಟಿನಂಗೆ ವಿಷ. ಮಣಿಗಳು ಸಾಯುತ್ತವೆ, ಉತ್ಪತ್ತಿ ನೆಲ ಕಚ್ಚುತ್ತದೆ, ಆಮೇಲೆ “ಇದನ್ನ ಬಲ್ಲವರು ಯಾರಪ್ಪಾ” ಎಂದು ಎಲ್ಲರೂ ಇವನನ್ನೇ ಹುಡುಕಿಕೊಂಡು ಬರುತ್ತಾರೆ. ಕಳ್ಳ ಕೆಲಸಕ್ಕೆ ಕತ್ತಲೆ ಬೇಕೆನ್ನುವವರು ದಡ್ಡರು. ಅವನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಮೆರಾದ ಕಣ್ಣೆದುರೇ ಸಿರಿಂಜಿನಲ್ಲಿ ಅನಿಲದ ಮಾದರಿ ತೆಗೆಯುತ್ತಿದ್ದ. ಗುರುವಾರವೂ ಸಿರಿಂಜು ಹಿಡಿದೇ ಹೋದ. ಆದರೆ ತೆಗೆಯಲಿಲ್ಲ, ಒಳಕ್ಕೆ ಒತ್ತಿದ. ಜಾಸ್ತಿ ಹಾಕಿದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದೆಂದು ಗಂಧಕದ ದ್ರಾವಣ ಎರಡೇ ಹನಿ. ತನ್ನ ಜಾಣತನಕ್ಕೆ ತಾನೇ ಭಲೇ ಅಂದುಕೊಂಡ.

ಪ್ರದರ್ಶನ ಶುರುವಾಯಿತು. ಹಿಂದಿನ ಸಾಲಿನಲ್ಲಿ ಕೂತು ಮುಖಕ್ಕೆ ಮೊದಲೇ ಕನಿಕರ ಹಚ್ಚಿಕೊಂಡ. ಹನ್ನೊಂದಾದರೂ ಪರದೆಯ ಮೇಲಿನ ಉತ್ಪತ್ತಿಯ ಗೆರೆ ಇಳಿಯಲಿಲ್ಲ. ಹನ್ನೆರಡಕ್ಕೆ, ಅಯ್ಯೋ ದೇವರೇ, ಏರಿತು!

ಬಂಡವಾಳದಾರರು ಕರೆತಂದಿದ್ದ ತಜ್ಞೆ ಹುಬ್ಬೇರಿಸಿದಳು. “ಉಕ್ಕಿನ ಕೊಳವೆ ಕಾದ್ರೆ ಒಳಗೆ ಮಸಿ ಕಟ್ಟುತ್ತೆ. ಇಲ್ಲಿ ಕಟ್ಟೇ ಇಲ್ವಲ್ಲ! ಚೂರೇ ಚೂರು ಗಂಧಕ ಬಿದ್ರೆ ಉಕ್ಕಿಗೆ ಮಸಿ ಹಿಡಿಯಲ್ಲ. ಅದನ್ನೇ ಕೊಟ್ರಾ?”

“ಮತ್ತೆ? ಅದೇ ನನ್ನ ಗುಟ್ಟು,” ಎಂದರು ಸಾಹೇಬರು, ರೆಪ್ಪೆ ಬಡಿಯದೆ.

ಒಂಬತ್ತು ವರ್ಷವೂ ಗಾಜಿನ ನಳಿಕೆಯಲ್ಲೇ ಪ್ರಯೋಗ ಮಾಡಿದ್ದ ರಸಾಯನಜ್ಞನಿಗೆ ಉಕ್ಕಿನ ಈ ಗುಣ ಗೊತ್ತೇ ಇರಲಿಲ್ಲ. ಅದು ಹಾಳಾಗಲಿ. ಪೇಟೆಂಟು ನುಂಗಿದ್ದನ್ನು ಹೇಗೋ ಸಹಿಸಿದ್ದ. ಇದನ್ನು ಮಾತ್ರ ಅವನ ಜೀವ ಸಹಿಸಲಿಲ್ಲ. ದಡಕ್ಕನೆ ಎದ್ದ.

“ಸುಳ್ಳು! ಗಂಧಕ ಹಾಕಿದ್ದು ನಾನು. ನಾನೊಬ್ಬನೇ!”

“ಓಹೋ, ನೀವಾ?” ತಜ್ಞೆ ಖುಷಿಯಿಂದ ಪೆನ್ನು ತೆಗೆದಳು. “ಅಪ್ಪಣೆ ಯಾರು ಕೊಟ್ಟಿದ್ರು?”

ಎಲ್ಲವನ್ನೂ ಲೆಕ್ಕ ಹಾಕಿದ್ದವನಿಗೆ ಈ ಚಿಲ್ಲರೆ ಸಂಗತಿಯೊಂದು ಹೊಳೆದಿರಲಿಲ್ಲ. ಉರಿಯುವ ಅನಿಲದ ಘಟಕಕ್ಕೆ ಅಪ್ಪಣೆಯಿಲ್ಲದೆ ಹನಿ ನೀರು ಸೇರಿಸಿದವನೂ ನೇರ ಜೈಲಿಗೆ. ಅಪ್ಪಣೆ ಕೊಡುವ ಅಧಿಕಾರ ಇಡೀ ಕಾರ್ಖಾನೆಯಲ್ಲಿ ಇದ್ದದ್ದು ಒಬ್ಬರಿಗೇ. ಆ ಒಬ್ಬರು ನಿಧಾನವಾಗಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ನಾನೇ ಹೇಳಿದ್ದೆ, ಸ್ವಲ್ಪ ಹಾಕಪ್ಪಾ ಅಂತ. ಅಲ್ವೇನಯ್ಯಾ?” ತಜ್ಞೆಯ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. “ಹೌದು ಸಾರ್,” ಎಂದ ರಸಾಯನಜ್ಞ, “ನೀವೇ ಹೇಳಿದ್ರಿ.”